ಉಸ್ಸಪ್ಪನ ರಕ್ತ

ರಕ್ತಹೀನತೆ ಅಂದರೆ ಯಾರಾದರೂ ಗಾಬರಿಯಾಗುತ್ತಾರೆ. ನಮ್ಮ ಗುಮಾಸ್ತ ಹಿಗ್ಗಿ ಹೀರೇಕಾಯಿಯಾದ. ಕೂತರೆ ಉಸ್ಸ್, ಎದ್ದರೆ ಉಸ್ಸ್ ಅನ್ನುವ ಅವನಿಗೆ ಕಚೇರಿಯಲ್ಲಿ ಉಸ್ಸಪ್ಪ ಅಂತಲೇ ಹೆಸರು. ಸೋಮಾರಿ ಎಂದು ನಗುವವರ ಬಾಯಿ ಮುಚ್ಚಿಸಲು ಹಟ ಹಿಡಿದು ರಕ್ತಪರೀಕ್ಷೆ ಮಾಡಿಸಿದ್ದ. ಸ್ವಲ್ಪ ರಕ್ತಹೀನತೆ ಇದೆ, ಕೆಂಪು ಕಣಗಳ ಗಾತ್ರ ಚಿಕ್ಕದು ಎಂದು ವರದಿ ಬಂದಿತ್ತು. ಬಂದದ್ದೂ ಎಂಥ ದಿನ! ಕಚೇರಿಯ ಬೀರುಗಳನ್ನು ಮೂರನೇ ಮಹಡಿಗೆ ಹೊರುವ ದಿನ.

"ಕಣ ಚಿಕ್ಕದಾ? ಹಾಗಾದ್ರೆ ಕಬ್ಬಿಣ ಕಮ್ಮಿ!" ಎಂದು ಟೈಪಿಸ್ಟ್ ಖರ್ಜೂರ ತಿನ್ನಿಸಿದಳು. ಕ್ಯಾಷಿಯರ್ ತನ್ನ ಹೆಂಡತಿಯ ಕಬ್ಬಿಣದ ಮಾತ್ರೆ ನುಂಗಿಸಿದ. ಮಧ್ಯಾಹ್ನದ ಹೊತ್ತಿಗೆ ಉಸ್ಸಪ್ಪನ ಹೊಟ್ಟೆ ಗುಜರಿ ಅಂಗಡಿಯಾಗಿತ್ತು.

"ನೀವು ಕೂತ್ಕೊಳ್ರೀ, ನಿಮ್ಮ ಬೀರುವಿನ ತುದಿ ನಾನೇ ಹಿಡೀತೀನಿ," ಎಂದು ಮ್ಯಾನೇಜರ್ ಅಂಗಿಯ ತೋಳು ಮಡಚಿದರು. ಉಸ್ಸಪ್ಪ ಕುರ್ಚಿಯಲ್ಲಿ ಕೂತು, "ಸಾರ್, ಸ್ವಲ್ಪ ಎಡಕ್ಕೆ," ಎಂದು ದಾರಿ ತೋರಿಸಿದ. ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಸುಖ ಸಂಜೆಯವರೆಗೂ ಬಾಳಲಿಲ್ಲ. ಟೈಪಿಸ್ಟ್ ಅವನ ಮನೆಗೂ ಫೋನು ಮಾಡಿದ್ದಳು. ಅಮ್ಮ ಬಂದು ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಕ್ಲಿನಿಕ್ಕಿನ ಮೆಟ್ಟಿಲನ್ನು ಎಪ್ಪತ್ತರ ಅಮ್ಮ ದಡದಡ ಹತ್ತಿದಳು. ಹಿಂದಿನಿಂದ ಮಗ, ಉಸ್ಸ್.

ಡಾಕ್ಟರು ವರದಿಯನ್ನು ಕೊನೆಯವರೆಗೂ ಓದಿದರು. "ಕಬ್ಬಿಣ ಕಮ್ಮಿ ಅಂತ ಯಾರ್ರೀ ಹೇಳಿದ್ದು? ಬೇಕಾದಷ್ಟಿದೆ. ಅದು ಕಮ್ಮಿಯಾದ್ರೆ ಕಣಗಳ ಸಂಖ್ಯೆನೂ ಇಳಿಯುತ್ತೆ, ಒಂದು ದೊಡ್ಡದು ಒಂದು ಚಿಕ್ಕದು ಇರುತ್ತೆ. ನಿಮ್ಮದು ಎಲ್ಲಾ ಒಂದೇ ಅಳತೆ, ಸಂಖ್ಯೆ ಬೇರೆ ಜಾಸ್ತಿ. ಇದು ಹುಟ್ಟಿನಿಂದ ಬಂದದ್ದು. ಕಣ್ಣಿನ ಆಪರೇಷನ್‌ಗೆ ಮುಂಚೆ ನಿಮ್ಮಮ್ಮಂಗೂ ಪರೀಕ್ಷೆ ಮಾಡಿಸಿದ್ನಲ್ಲ, ಅವರದೂ ಇದೇ ರಕ್ತ. ಮಾತ್ರೆ ಬೇಡ."

ಉಸ್ಸಪ್ಪ ವರದಿಯನ್ನು ತನ್ನತ್ತ ಎಳೆದುಕೊಂಡ. "ಮತ್ತೆ ನನ್ನ ಸುಸ್ತು?"

"ಇಷ್ಟಕ್ಕೆಲ್ಲ ಸುಸ್ತಾಗಲ್ಲ. ನಿಮ್ಮಮ್ಮನ್ನೇ ನೋಡಿ."

"ಮೆತ್ತಗೆ ಮಾತಾಡಿ ಡಾಕ್ಟ್ರೇ, ಯಾರಾದ್ರೂ ಕೇಳಿಸ್ಕೊಂಡಾರು," ಎಂದು ಉಸ್ಸಪ್ಪ ಗೋಗರೆದ.

ಪರದೆಯ ಆಚೆ ಯಾರೋ ನರಳಿದರು. ಪರದೆ ಸರಿಯಿತು. ಮಂಚದ ಮೇಲೆ ಬೋರಲು ಮಲಗಿ, ಸೊಂಟಕ್ಕೆ ಬಿಸಿನೀರಿನ ಚೀಲ ಹೇರಿಸಿಕೊಂಡಿದ್ದ ಮ್ಯಾನೇಜರ್ ಕತ್ತು ಮಾತ್ರ ತಿರುಗಿಸಿದರು.

"ನಾಳೆ ಬೇಗ ಬನ್ರೀ. ನಿಮ್ಮ ಬೀರು ಇನ್ನೂ ಅರ್ಧ ಮೆಟ್ಟಿಲಲ್ಲೇ ಇದೆ."

ಉಸ್ಸಪ್ಪ ಆಸೆಯಿಂದ ಅಮ್ಮನ ಮುಖ ನೋಡಿದ. ಹೆತ್ತ ಕರುಳು, ಸುಮ್ಮನಿದ್ದೀತೇ?

"ಪಾಪ, ಒಬ್ಬನೇ ಹೆಂಗೆ ಹೊರ್ತಾನೆ?" ಎಂದಳು ಅಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ. "ಇನ್ನೊಂದು ತುದಿ ಹಿಡಿಯೋಕೆ ನಾನು ಬರ್ತೀನಿ."