ಬಂಗಡೆಯ ಸ್ಥಿತಿಸ್ಥಾಪಕತ್ವ

ತಪ್ಪೆಲ್ಲ ಆ ಸುಪ್ರಿಯಾ ಮೇಡಂ ಅವರದ್ದು. ಕಾಲೇಜು ಶುರುವಾದ ಮೊದಲ ವಾರದಲ್ಲಿ ಹೊಸ ಹುಡುಗರಿಗೆ ‘ಓದುವುದು ಹೇಗೆ’ ಅಂತ ಹೇಳಿಕೊಡಲು ಬಂದವರು, ಹೋಗುವಾಗ ಒಂದು ಉಪಾಯ ಬಿಟ್ಟು ಹೋಗಿದ್ದರು. “ಓದಿದ್ದು ನಿಮಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಬೇಕಾದರೆ, ಆ ವಿಷಯ ಏನೇನೂ ಗೊತ್ತಿಲ್ಲದ ಮೂರು ಜನಕ್ಕೆ ಅದನ್ನು ಕಲಿಸಿ. ಅವರಿಗೆ ಅರ್ಥವಾದರೆ ನೀವು ಪಾಸು.”

ಬಾಡ ಊರಿನ ವಿಶಾಲ ಇದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದಿದ್ದ. ಆಮೇಲೆ ಎರಡು ತಿಂಗಳು ಪುಸ್ತಕ ತೆಗೆಯಲಿಲ್ಲ.

ಈಗ ಭಾನುವಾರ. ನಾಳೆ ಹತ್ತು ಗಂಟೆಗೆ ಕುಮಟಾದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದವರಿಗೆ ಅರ್ಥಶಾಸ್ತ್ರದ ಮೊದಲ ಕಿರುಪರೀಕ್ಷೆ. ಸೋಮ ಮಾವ ಮೊನ್ನೆಯೇ ತೀರ್ಪು ಕೊಟ್ಟಾಗಿತ್ತು: “ಇದ್ರಲ್ಲಿ ಪಾಸಾದ್ರೆ ಓದು. ಇಲ್ದೇ ಇದ್ರೆ ಮಂಗಳವಾರ ನನ್ನ ದೋಣಿ ಹತ್ತು.” ವಿಶಾಲನಿಗೆ ದಡಕ್ಕೆ ಕಟ್ಟಿದ ದೋಣಿಯಲ್ಲಿ ನಿಂತರೂ ವಾಂತಿ. ಸಮುದ್ರ ಅವನಿಗೆ ಆಗದು. ಅರ್ಥಶಾಸ್ತ್ರವೂ ಆಗದು, ಆದರೆ ಅದರಲ್ಲಿ ಮುಳುಗಿ ಸತ್ತವರಿಲ್ಲ ಎಂಬ ಸಮಾಧಾನವಿತ್ತು.

ಬೆಳಿಗ್ಗೆ ಆರಕ್ಕೇ ಎದ್ದು ಅಧ್ಯಾಯವನ್ನು ಒಮ್ಮೆ ಓದಿದ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ. ಇಷ್ಟೇನಾ ಅನ್ನಿಸಿತು. ಅರ್ಥಶಾಸ್ತ್ರ ಗೊತ್ತಿಲ್ಲದ ಮೂವರನ್ನು ಹುಡುಕಲು ಅಂಗಳಕ್ಕೆ ಇಳಿದ. ಇಡೀ ಕೇರಿ ಮೀನು ಮಾರುವವರದ್ದು. ಕೊಡು-ಕೊಳ್ಳುವ ವಿಷಯವನ್ನು ಇವರಿಗೆ ಕಲಿಸಲು ಹೊರಟಿದ್ದೇನೆ ಎಂಬುದು ಪಾಪ ಅವನ ತಲೆಗೆ ಹೊಳೆಯಲಿಲ್ಲ.

ಮೊದಲು ಸಿಕ್ಕವಳು ಅಮ್ಮ ಬೆಳ್ಳಿ. ಚಾಪೆಯ ಮೇಲೆ ಒಣಮೀನು ಹರಡುತ್ತ, ಉದ್ದ ಕೋಲಿನಿಂದ ಕಾಗೆ ಓಡಿಸುತ್ತಿದ್ದಳು.

“ಅಮ್ಮ, ಇಲ್ಲಿ ಕೇಳು. ಒಂದು ಸಾಮಾನಿನ ಬೆಲೆ ಇಳಿದ್ರೆ ಜನ ಅದನ್ನ ಹೆಚ್ಚು ತಗೋತ್ರು. ಇದು ಬೇಡಿಕೆಯ ನಿಯಮ.”

“ಯಾರು ಹೇಳಿದ್ದು?”

“ಪುಸ್ತಕ.”

“ಪುಸ್ತಕ ಸಂತೆಗೆ ಹೋಗಿತ್ತನ? ಹೋದ ಬುಧವಾರ ನಾನು ಸೀಗಡಿ ದರ ಇಳಿಸ್ದೆ. ಹುಳ ಬಿದ್ದಿರ್ಬೇಕು ಅಂತ ಒಬ್ರೂ ಮುಟ್ಲಿಲ್ಲ. ದರ ಏರಿಸ್ದೆ ನೋಡು, ಅರ್ಧ ಗಂಟೆಲಿ ಚೀಲ ಖಾಲಿ!”

ವಿಶಾಲ ಪುಟ ತಿರುಗಿಸಿದ. “ಹಾಂಗಲ್ಲ ಅಮ್ಮ. ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಅಂತ ಬರ್ದದೆ. ಅಂದ್ರೆ, ಬೇರೆ ಎಲ್ಲ ಇದ್ದ ಹಾಂಗೇ ಇದ್ರೆ.”

“ಮೀನು ಎಲ್ಲಾದ್ರೂ ಇದ್ದ ಹಾಂಗೇ ಇರ್ತದೆನ ಮಾರಾಯ? ಬೆಳಿಗ್ಗೆ ಒಂದು ವಾಸನೆ, ಮಧ್ಯಾಹ್ನ ಇನ್ನೊಂದು. ಹೋಗು, ಆ ಕಾಗೆಗಾದ್ರೂ ಕಲಿಸು, ದರ ಕೇಳದೇ ತಗಂಡು ಹೋತದೆ.”

ವಿಶಾಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ‘ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಅಮ್ಮನ ಪ್ರಕಾರ ಏರುತ್ತದೆ.’ ಬೆಳಿಗ್ಗೆ ಸ್ವಲ್ಪವಾದರೂ ಗೊತ್ತಿದ್ದದ್ದು ಈಗ ಅರ್ಧವಾಗಿತ್ತು.

ಎರಡನೆಯವನು ಸೋಮ ಮಾವನೇ ಆಗಲಿ, ಅವನಿಗೆ ತನ್ನ ಓದಿನ ಬಗ್ಗೆ ಭರವಸೆಯೂ ಬರುತ್ತದೆ ಎಂದು ವಿಶಾಲ ದಂಡೆಗೆ ನಡೆದ. ಅಲ್ಲಿ ಆಗಷ್ಟೇ ದೋಣಿಗಳು ಬಂದಿದ್ದವು. ಬಂಗಡೆ ಮೀನು ಮರಳಿನ ಮೇಲೆ ಬೆಳ್ಳಿ ನಾಣ್ಯದ ಗುಡ್ಡೆಯಂತೆ ಬಿದ್ದಿತ್ತು. ಸುತ್ತ ಹತ್ತು ಹನ್ನೆರಡು ವ್ಯಾಪಾರಿಗಳು. ನಡುವೆ ಸೋಮ ಮಾವ ಹರಾಜು ಕೂಗುತ್ತಿದ್ದ. ಒಂದು ಗುಡ್ಡೆ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಅಳಿಯ ಎದುರು ನಿಂತಿದ್ದ.

“ಮಾವ, ಎರಡೇ ನಿಮಿಷ. ಬೇಡಿಕೆ ರೇಖೆ ಹೇಳ್ತೆ.”

“ಈಗೆಂತ ರೇಖೆಯಾ?”

ವಿಶಾಲ ಆಗಲೇ ಕೋಲಿನಿಂದ ಮರಳಿನಲ್ಲಿ ಗೆರೆ ಎಳೆದಿದ್ದ. ಎಡಗಡೆ ಬೆಲೆ, ಕೆಳಗಡೆ ಪ್ರಮಾಣ, ನಡುವೆ ಜಾರುಬಂಡಿಯಂತೆ ಇಳಿಯುವ ಗೆರೆ. ಒಂದು ತೆರೆ ಬಂದು ಬೆಲೆಯನ್ನು ಒರಸಿಕೊಂಡು ಹೋಯಿತು. ಅವನು ಸ್ವಲ್ಪ ಮೇಲೆ ಸರಿದು ಮತ್ತೆ ಬರೆದ. ವ್ಯಾಪಾರಿಗಳು ಮೀನು ಬಿಟ್ಟು ಇವನ ಸುತ್ತ ಮುತ್ತಿದರು.

“ನೋಡಿ, ಬೆಲೆ ಇಳಿದಷ್ಟೂ ಮಾರಾಟ ಹೆಚ್ಚು,” ಎಂದು ವಿಶಾಲ ದನಿ ಎತ್ತರಿಸಿದ. ಇಷ್ಟು ಜನ ತನ್ನ ಮಾತು ಕೇಳುವುದು ಅವನ ಜೀವನದಲ್ಲಿ ಇದೇ ಮೊದಲು.

“ಕೇಳ್ದ್ಯಾ ಸೋಮ?” ಎಂದ ಉಮೇಶ. ಅವನು ಆ ದಂಡೆಯ ದೊಡ್ಡ ವ್ಯಾಪಾರಿ. “ನಿನ್ನ ಅಳಿಯನೇ ಹೇಳ್ತ. ದರ ಇಳಿಸು, ನಾವು ಎಲ್ಲ ಗುಡ್ಡೆ ತಗೋತೇವೆ.”

“ಕಾಲೇಜಿನ ಪುಸ್ತಕದಲ್ಲೇ ಬರ್ದದೆ ಮಾರಾಯ!” ಎಂದ ಇನ್ನೊಬ್ಬ.

ಸೋಮ ಮಾವ ಎಷ್ಟು ಕೂಗಿದರೂ ದರ ಒಂದು ರೂಪಾಯಿಯೂ ಮೇಲೆ ಏರಲಿಲ್ಲ. ಎಲ್ಲರೂ ಕೈ ಕಟ್ಟಿ ಆ ಗೆರೆಯನ್ನೇ ತೋರಿಸಿದರು. ಕೊನೆಗೆ ಉಳಿದ ಬಂಗಡೆ ಗೆರೆಯ ಕೆಳತುದಿಯ ದರಕ್ಕೇ ಹೋಯಿತು.

“ನಾಳೆ ಪಾಸಾಗೂದು ಹಾಂಗಿರ್ಲಿ,” ಸೋಮ ಮಾವ ಹಲ್ಲು ಕಡಿದ. “ಒಂದು ಮಾರ್ಕು ಕಡಿಮೆ ಬಂದ್ರೂ ನಿನ್ನನ್ನ ದೋಣಿಯ ಮುಂದೆ ಕೂರಿಸ್ತೆ. ಮುಂದೆ! ಅಲ್ಲಿ ಅಲೆ ಹೆಚ್ಚು!”

ವಿಶಾಲ ಅಲ್ಲಿಂದ ಮನೆಯ ದಾರಿ ಹಿಡಿದ. ಬೇಡಿಕೆ ಏರುವುದೋ ಇಳಿಯುವುದೋ, ಯಾರಿಗೆ ಏರುವುದು, ಯಾರು ಇಳಿಸುವುದು, ತಲೆಯೊಳಗೆ ಬಲೆ ಸಿಕ್ಕುಬಿದ್ದಂತೆ ಆಗಿತ್ತು. ಇನ್ನು ಉಳಿದದ್ದು ಒಂದೇ ತಲೆ. ಅದು ಪಕ್ಕದ ಮನೆಯ ಕಮಲಿ. ಮೀನಿನ ಬುಟ್ಟಿ ಹೊತ್ತು ಕುಮಟಾ ಪೇಟೆಗೆ ಹೊರಟಿದ್ದಳು.

“ಕಮಲಕ್ಕಾ, ನಿಂಗೆ ಒಂದು ಪಾಠ ಹೇಳ್ಬೇಕಿತ್ತು.”

“ಹೇಳು ತಮಾ. ಬಸ್ಸಲ್ಲಿ ಹೇಳು. ಬುಟ್ಟಿ ಒಂದು ಕೈ ಹಿಡಿ.”

ಹಿಂದಿನ ಸೀಟಿನಲ್ಲಿ, ಬುಟ್ಟಿಯ ಮೇಲೆ ಪುಸ್ತಕ ಬಿಡಿಸಿ, ವಿಶಾಲ ಈ ಸಲ ಅತಿ ಕಷ್ಟದ ಭಾಗವನ್ನೇ ಹಿಡಿದ. “ಬೆಲೆ ಬದಲಾದಾಗ ಬೇಡಿಕೆ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಅನ್ನೂದಕ್ಕೆ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಅಂತ್ರು ಕಮಲಕ್ಕಾ.”

“ಹೂಂ.”

“ಅಕ್ಕಿಗೆ ಅದು ಕಡಿಮೆ. ಕಾರಿಗೆ ಹೆಚ್ಚು.”

“ಹೂಂ ಹೂಂ.”

ಒಂದು ಪ್ರಶ್ನೆಯಿಲ್ಲ, ಒಂದು ಜಗಳವಿಲ್ಲ. ವಿಶಾಲನಿಗೆ ಕಣ್ಣು ತುಂಬಿ ಬಂತು. ತಾನೇ ಓದಿದ ಸಾಲುಗಳು ತನಗೇ ಕನ್ನಡದಂತೆ ಕೇಳುತ್ತಿರಲಿಲ್ಲ, ಆದರೆ ಕಮಲಕ್ಕನ ತಲೆ ಮಾತ್ರ ಸರಿಯಾದ ಜಾಗದಲ್ಲೆಲ್ಲ ಆಡುತ್ತಿತ್ತು. ಆ ಉದ್ದ ಶಬ್ದವನ್ನು ಅವಳ ಬಾಯಿಂದ ಏಳು ಸಲ ಹೇಳಿಸಿದ. ಏಳನೆಯ ಸಲ ಅವನಿಗಿಂತ ಚೆನ್ನಾಗಿ ಹೇಳಿದಳು.

ಮೀನು ಪೇಟೆಯಲ್ಲಿ ಕಮಲಿ ಬಂಗಡೆ ಜೋಡಿಸಿ ಕೂತಳು. ವಿಶಾಲ ನೊಣ ಹೊಡೆಯುತ್ತ ಪಕ್ಕದಲ್ಲಿ ಪುಸ್ತಕ ಹಿಡಿದ. ಅಷ್ಟರಲ್ಲಿ ಚೀಲ ಬೀಸಿಕೊಂಡು ಬಂದವರು ಯಾರೆಂದರೆ, ಅರ್ಥಶಾಸ್ತ್ರದ ಭಾಸ್ಕರ ಸರ್! ವಿಶಾಲ ಐಸ್ ಪೆಟ್ಟಿಗೆಯ ಹಿಂದೆ ಕುಕ್ಕರಿಸಿದ.

“ಎಷ್ಟಮ್ಮಾ?”

“ನೂರಕ್ಕೆ ಆರು.”

“ಹತ್ತು ಕೊಡು. ಆ ಕಡೆ ಎಂಟು ಕೊಡ್ತಾರೆ.”

ಕಮಲಿ ಸೆರಗು ಸರಿಮಾಡಿಕೊಂಡು, ಬಹಳ ಶಾಂತವಾಗಿ ಹೇಳಿದಳು: “ಆಗೂದಿಲ್ಲ ಸರ್. ಬಂಗಡೆಗೆ ಈಗ ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ ಅದೆ.”

ಭಾಸ್ಕರ ಸರ್ ಕೈಯಲ್ಲಿದ್ದ ಬಂಗಡೆ ಜಾರಿ ಬಿತ್ತು. ಒಂದು ನಿಮಿಷ ಅವರು ಅದರ ಕಣ್ಣನ್ನೇ ನೋಡಿದರು. ಚೌಕಾಸಿ ಬಿಟ್ಟು ನೂರು ಕೊಟ್ಟು ಆರು ಮೀನು ಚೀಲಕ್ಕೆ ಹಾಕಿಸಿಕೊಂಡು, ಮೆಲ್ಲಗೆ ಕೇಳಿದರು: “ಇದನ್ನ ನಿಮಗೆ ಯಾರು ಹೇಳಿಕೊಟ್ಟದ್ದು?”

“ಇವನೇ!” ಕಮಲಿ ಐಸ್ ಪೆಟ್ಟಿಗೆಯ ಹಿಂದೆ ಕೈಹಾಕಿ, ಅಂಗಿಯ ಕಾಲರ್ ಹಿಡಿದು ವಿಶಾಲನನ್ನು ಎತ್ತಿ ತೋರಿಸಿದಳು. “ಇವತ್ತು ಬೆಳಿಗ್ಗೆ, ಬಸ್ಸಲ್ಲಿ!”

“ನೀನಾ? ಕೊನೇ ಬೆಂಚಿನವನು?” ಭಾಸ್ಕರ ಸರ್ ಕಣ್ಣಲ್ಲಿ ನೀರು. “ಭೇಷ್! ಮೂವತ್ತು ವರ್ಷದಲ್ಲಿ ನನ್ನಿಂದ ಆಗದ್ದನ್ನ ಒಂದು ಬಸ್ಸಿನಲ್ಲಿ ಮಾಡಿದೆಯಲ್ಲ! ನೀನು ನಾಳೆ ಪರೀಕ್ಷೆ ಬರೆಯೂದು ಬೇಡ.”

ವಿಶಾಲನಿಗೆ ಇಡೀ ಮೀನು ಪೇಟೆಯಲ್ಲಿ ಮಲ್ಲಿಗೆಯ ವಾಸನೆ ಬಂತು.

“ಅದರ ಬದಲು ಹತ್ತು ಗಂಟೆಗೆ ನೀನೇ ಇಡೀ ತರಗತಿಗೆ ಈ ಪಾಠ ಮಾಡು. ಒಂದು ಗಂಟೆ. ಪ್ರಿನ್ಸಿಪಾಲರನ್ನೂ ಕರೀತೇನೆ. ಮಕ್ಕಳು, ನಾವು, ಎಲ್ಲ ಪ್ರಶ್ನೆ ಕೇಳ್ತೇವೆ. ಅದನ್ನ ನೋಡಿಯೇ ನಿನ್ನ ಮಾರ್ಕು. ಪುಸ್ತಕ ಮಾತ್ರ ಮುಟ್ಟಬಾರದು!” ಎಂದು ಬೆನ್ನು ತಟ್ಟಿ ಹೊರಟೇಹೋದರು.

ವಿಶಾಲ ಕಮಲಿಯ ಎರಡೂ ಕೈ ಹಿಡಿದುಕೊಂಡ. “ಕಮಲಕ್ಕಾ, ನಿನ್ನ ಕಾಲಿಗೆ ಬೀಳ್ತೆ. ಆ ಸ್ಥಿತಿಸ್ಥಾಪಕತ್ವ ಅಂದ್ರೆ ಎಂತದು, ನಂಗೆ ಸ್ವಲ್ಪ ಹೇಳಿಕೊಡು. ಇಡೀ ಬಾಡದಲ್ಲಿ ಅರ್ಥ ಆದದ್ದು ನಿನಗೊಬ್ಬಳಿಗೇ.”

“ನಂಗಾ?” ಕಮಲಿ ಮೀನಿನ ಮೇಲೆ ನೀರು ಚಿಮುಕಿಸಿದಳು. “ನಂಗೆ ಎಂತದೂ ಅರ್ಥ ಆಗ್ಲಿಲ್ಲ ತಮಾ. ನೀನು ಬೆಳಿಗ್ಗೆಯಿಂದ ಎಲ್ಲರ ಹತ್ರ ಬೈಸ್ಕಂಡು ಬಂದಿದ್ದೆ, ಪಾಪ ಅಂತ ಹೂಂ ಅಂದೆ. ಶಬ್ದ ಮಾತ್ರ ಭಾರೀ ಚಲೋ ಅದೆ. ಚೌಕಾಸಿ ಮಾಡೂರಿಗೆ ತಿಳಿಯದ್ದು ಒಂದು ಹೇಳ್ಬಿಟ್ರೆ, ಗೊತ್ತಿಲ್ಲ ಅನ್ನೂಕೆ ನಾಚಿಕೆ ಆಗಿ ಸುಮ್ನೆ ದುಡ್ಡು ಕೊಟ್ಟು ಹೋತ್ರು. ಅವ್ರು ನಿಮ್ಮ ಮಾಸ್ತರು ಅಂತ ನಂಗೆಂತ ಗೊತ್ತು!”

ವಿಶಾಲ ಪುಸ್ತಕಕ್ಕೆ ಕೈ ಚಾಚಿದ. ಅಷ್ಟರಲ್ಲಿ ಎದುರಿನಿಂದ ದೊಡ್ಡ ಚೀಲದ ಹೆಂಗಸೊಬ್ಬಳು ಬಂದು, ಬಂಗಡೆಯ ಕಿವಿರು ಎತ್ತಿ ನೋಡಿ, “ನೂರಕ್ಕೆ ಹನ್ನೆರಡು ಕೊಡ್ತ್ಯ?” ಎಂದಳು. ಕಮಲಿ ವಿಶಾಲನ ಪಕ್ಕೆಗೆ ಮೊಣಕೈಯಿಂದ ತಿವಿದಳು.

“ಇವ್ಳು ಸುಲಭಕ್ಕೆ ಬಗ್ಗೂದಿಲ್ಲ. ಬೇಗ ಹೇಳು ತಮಾ, ಮುಂದಿನ ಪಾಠದಲ್ಲಿ ಎಂತ ಶಬ್ದ ಅದೆ?”