ಈಳಿಗೆಮಣೆಯಲ್ಲಿ ಹೆಚ್ಚಿದ ಇಂಟರ್‌ನೆಟ್

ಇಂಟರ್‌ನೆಟ್ ಹೋದದ್ದು ಕಂಪನಿಯವರ ತಪ್ಪಲ್ಲ, ಗಾಳಿಮಳೆಯ ತಪ್ಪೂ ಅಲ್ಲ. ಅದನ್ನು ಈಳಿಗೆಮಣೆಯಲ್ಲಿ ಹೆಚ್ಚಿ ಹಾಕಿದವಳು ನಾನು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇಂಟರ್‌ನೆಟ್ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಮೊಮ್ಮಗಳು ಕೊಟ್ಟ ಫೋನಿಗೆ ವೈರೇ ಇಲ್ಲ, ಬಾತ್‌ರೂಮಿನಲ್ಲೂ ಮೈಸೂರಿನ ತಂಗಿಯ ಮುಖ ಬರುತ್ತದೆ. ಅಂದಮೇಲೆ ಅದು ಗಾಳಿಯಲ್ಲಿ ಬರುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕೆ?

ಆ ದಿನ ಅಮೆರಿಕದ ಮೆಟುಚೆನ್ನಿನ ನಮ್ಮ ಮನೆಯಲ್ಲಿ ಸೊಸೆ ರೂಪಾಳಿಗೆ ಕೊನೆಯ ಸುತ್ತಿನ ಇಂಟರ್‌ವ್ಯೂ, ಕಂಪ್ಯೂಟರಿನಲ್ಲೇ. ಕೆಲಸ ಹೋಗಿ ಎರಡು ತಿಂಗಳಾಗಿತ್ತು.

"ಅತ್ತೆ, ಒಂದು ಗಂಟೆ ಮಿಕ್ಸಿ ಹಾಕ್ಬೇಡಿ, ಫೋನಲ್ಲಿ ಕೂಗ್ಬೇಡಿ. ಪ್ಲೀಸ್!" ಎಂದು ಕೈಮುಗಿದು ಮಹಡಿ ಹತ್ತಿದಳು.

ಸದ್ದಿಲ್ಲದ ಕೆಲಸ ಯಾವುದು? ಅವರೆ ಬೀಜ ಊರುವುದು!

ಮನೆಯ ಪಕ್ಕ ನಾಲ್ಕು ಬೆರಳು ಅಗೆಯುವಷ್ಟರಲ್ಲಿ ಕರೀ ಬೇರು ಅಡ್ಡ ಬಂತು. ಎಳೆದೆ, ಬರಲಿಲ್ಲ. ನನಗೂ ಹಠ. ಈಳಿಗೆಮಣೆ ತಂದು, ಹುಲ್ಲಿನ ಮೇಲೆ ಕೂತು, ಬೇರನ್ನು ಮೇಲೆಳೆದು ಕೊಯ್ದೆ. ಇನ್ನೂ ಎರಡು ಮೊಳ ಕೊಯ್ದುಕೊಂಡೆ. ಒಳ್ಳೆ ಗಟ್ಟಿ ಹುರಿ, ಚಪ್ಪರ ಕಟ್ಟಲು ಆಗುತ್ತದೆ!

ಕೋಲು ನೆಟ್ಟು ಎರಡನೇ ಗಂಟು ಹಾಕುವಾಗ ಮೇಲಿನ ಕಿಟಕಿ ತೆರೆಯಿತು.

"ಅತ್ತೆ! ಇಂಟರ್‌ನೆಟ್ ಹೋಯ್ತು! ಏನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ? ಮನೆ ಒಳಗೇ ಇಲ್ವಲ್ಲ ನಾನು!"

ಅವಳು ಫೋನಿನಿಂದ ಸೇರಿಕೊಳ್ಳುವಷ್ಟರಲ್ಲಿ ಆ ಕಡೆಯವರು ಎದ್ದು ಹೋಗಿದ್ದರು.

ಮಧ್ಯಾಹ್ನ ಬಂದ ರಿಪೇರಿಯವನು ಮನೆಯೊಳಗೆ ಕಾಲಿಡಲೇ ಇಲ್ಲ. ನನ್ನ ಚಪ್ಪರದ ಮುಂದೆ ನಿಂತ. ಆಮೇಲೆ ಗಂಟು ಬಿಚ್ಚಿ, ಹುರಿಯ ತುದಿ ಸುಲಿದು ತೋರಿಸಿದ. ಒಳಗೆ ಕೂದಲಿನಂಥ ಗಾಜು!

"ಇದ್ರಲ್ಲಿ ಬೆಳಕು ಹೋಗುತ್ತೆ ಅತ್ತೆ," ಎಂದಳು ರೂಪಾ. "ಸಮುದ್ರದ ತಳದಲ್ಲೂ ಇಂಥದ್ದೇ ಹಾಕಿದಾರೆ. ನಿಮ್ಮ ತಂಗಿ ಬರೋದೂ ಇದ್ರಲ್ಲೇ."

"ಗಾಳೀಲಿ ಅಲ್ವೇನೇ?"

"ಗಾಳೀಲಿ ಬರೋದು ಹಾಲ್‌ನಲ್ಲಿರೋ ಡಬ್ಬಿಯಿಂದ ಬಾತ್‌ರೂಮಿಗೆ ಮಾತ್ರ!"

ಅಷ್ಟು ಸಮುದ್ರ ದಾಟಿ ಬಂದ ತಂಗಿಯನ್ನು ನಾನು ಮನೆ ಬಾಗಿಲಲ್ಲಿ ಹೆಚ್ಚಿದ್ದೆ!

ರೂಪಾ ಇಂಟರ್‌ವ್ಯೂ ಮಾಡಿದವರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಕಾರಣ ಹೇಳಿದಳು. 'ಮದರ್ ಇನ್ ಲಾ' ಎಂದು ಎರಡು ಸಲ ಕೇಳಿಸಿತು. ಆ ಕಡೆಯಿಂದ ನಗು. ಉಳಿದದ್ದು ನನಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಇಂಟರ್‌ವ್ಯೂ ಗುರುವಾರಕ್ಕೆ ಹೋಯಿತು.

ಮರುದಿನ ಬೆಳಗ್ಗೆ ಅವರೆಯನ್ನು ಬಕೆಟ್ಟಿನಲ್ಲಿ ಊರಿದೆ. ಮಣ್ಣು ತುಂಬುವ ಮೊದಲು ಬಕೆಟ್ಟನ್ನು ತಲೆಕೆಳಗು ಮಾಡಿ, ಸಮುದ್ರದಿಂದ ಏನಾದರೂ ಬಂದಿದೆಯೇ ಎಂದು ನೋಡಿದೆ.