ಗಾಣಿಗೇರ ಓಣಿಯ ಚಪ್ಪಡಿಸಮರ

ಟಕ್.

ಸಕಲ ಜೀವಜಾತವೂ ನಿದ್ರಾಸಾಗರದಲ್ಲಿ ಮುಳುಗಿದ್ದ ನಡುರಾತ್ರಿಯಲ್ಲಿ, ಗಾಣಿಗೇರ ಓಣಿಯ ಹೊಸ ಚರಂಡಿಯಿಂದ ಆ ಕಿರುಸದ್ದು ಎದ್ದಿತು.

ಅಗೆದದ್ದನ್ನು ಮುಚ್ಚುವುದೂ ಮುಚ್ಚಿದ್ದನ್ನು ಮತ್ತೆ ಅಗೆಯುವುದೂ ಧರ್ಮವೆನಿಸಿದ ಈ ಕಾಂಕ್ರೀಟು ಯುಗದ ಅಧಿದೇವತೆಯೇ, ಜಲ್ಲಿಮಾಲಾಧಾರಿಣಿಯೇ, ಸಿಮೆಂಟುಧೂಳಿಧೂಸರಾಂಗಿಯೇ, ನನ್ನ ನಾಲಗೆಯ ಮೇಲೆ ನಿಂತು ನುಡಿಸು! ಇಲಾಖೆಯ ಸಹಾಯಕ ಎಂಜಿನಿಯರೂ, ಸದಾಶಂಕಾಕುಲಚಿತ್ತೆಯೂ, ನೋಡಿದ್ದನ್ನೇ ಮತ್ತೆ ನೋಡುವ ಪುನಃಪರೀಕ್ಷಾಪ್ರವೀಣೆಯೂ ಆದ ಮಂದಾಕಿನಿಯ ವಿಕ್ರಮವನ್ನು ಹಾಡಿಸು!

ಆ ಓಣಿಯಲ್ಲೇ ಬಾಡಿಗೆಗಿದ್ದ ಆಕೆ ಹಾಸಿಗೆಯಲ್ಲಿ ಎದ್ದು ಕುಳಿತಳು. ಯಾರದೋ ಸೈಕಲ್ಲು ದಾಟಿತ್ತು. ಮನೆಯೆದುರಿನ ಚಪ್ಪಡಿ ಅಲುಗಾಡಿತ್ತು. ಸಂಜೆಯಷ್ಟೇ ತಾನೇ ನಿಂತು ಕೂರಿಸಿದ ಚಪ್ಪಡಿ! ಆಕೆ ಒಬ್ಬಳೇ ಹೊಣೆ ಹೊತ್ತ ಮೊದಲ ಕಾಮಗಾರಿ. ಬೆಳಗ್ಗೆ ತಪಾಸಣೆಗೆ ಬರುವ ಕಾರ್ಯಪಾಲಕ ಎಂಜಿನಿಯರ್ ಸಾಹೇಬರು ಪ್ರತಿಯೊಂದು ಚಪ್ಪಡಿಯ ಮೇಲೂ ತಮ್ಮ ಗಜಗಾತ್ರವನ್ನಿಟ್ಟು ಓಲಾಡಿ ನೋಡುವವರು. ಅವರ ಕಾಲಡಿಯಲ್ಲಿ ಅದು ‘ಟಕ್’ ಎಂದರೆ ಮಂದಾಕಿನಿ ಮರಳಿ ಆಫೀಸಿನ ಟಪಾಲು ಮೇಜಿಗೆ.

ಸೂರ್ಯನು ಉದಯಾಚಲವನ್ನೇರುವಷ್ಟರಲ್ಲಿ ಗುತ್ತಿಗೆದಾರ ಚನವೀರಪ್ಪನೂ ರಣಾಂಗಣವನ್ನು ಪ್ರವೇಶಿಸಿದ. ಸಫಾರಿಕವಚಧಾರಿ, ತಾಂಬೂಲರಕ್ತಾಧರ, ತ್ರಿತಾಲೂಕುಚರಂಡಿಚಕ್ರವರ್ತಿ!

“ಚನವೀರಪ್ಪ, ನಿಮ್ಮ ಚಪ್ಪಡಿ ಅಲುಗಾಡ್ತದ.”

“ನನ್ನ ಚಪ್ಪಡಿ?” ಮೇಘಗರ್ಜನೆಯಂತೆ ಆತ ಗುಡುಗಿದ. “ಮೇಡಮ್ಮಾರ, ಮೂರು ತಾಲೂಕಿನ ಚರಂಡಿ ಮುಚ್ಚಿದ ಕೈ ಇದು! ನಾ ಹಾಕಿದ ಚಪ್ಪಡಿ ಮ್ಯಾಲ ಆನಿ ಕುಣೀಲಿ, ಆನಿ ಸೋಲತೈತಿ, ಚಪ್ಪಡಿ ಮಿಸುಕಂಗಿಲ್ಲ!”

“ಆನಿ ಬ್ಯಾಡ. ಸಾಹೇಬ್ರು ಬರಾಕತ್ತಾರ.”

ವೀರನು ಜೇಬಿನಿಂದ ಖಡ್ಗವನ್ನು ಹಿರಿಯುವಂತೆ ಹೊಸ ಸ್ಟೀಲ್ ಸ್ಕೇಲೊಂದನ್ನು ಹಿರಿದ. “ನಿನ್ನಿ ಸಂಜಿಕೆ ನಿಮ್ಮ ಸ್ಕೇಲ್ ನಮ್ಮ ಮಂದಿ ಕದ್ದಾರ ಅಂದ್ರಿ. ತಗೋರಿ, ಹೊಸಾದು ತಂದೀನಿ. ಇವತ್ತ ಚಪ್ಪಡಿ ಅಂತೀರಿ. ನಾಳಿ ಏನ್ರಿ?”

“ಕದ್ದಾರ ಅನ್ನಲಿಲ್ಲ. ಕಾಣವಲ್ದು ಅಂದೆ.”

“ನೀವಂದ ಧಾಟಿಗೆ ನಮ್ಮ ಗೌಂಡಿ ಫಕೀರಪ್ಪ ರಾತ್ರಿ ಊಟಾನ ಮಾಡಿಲ್ರಿ.”

ಹಾರೆ ಹಿಡಿದು ನಿಂತಿದ್ದ ಗಾರೆಗೆಲಸದ ಫಕೀರಪ್ಪ ನೆಲ ನೋಡಿದ. ಮಂದಾಕಿನಿ ಹೊಸ ಸ್ಕೇಲನ್ನು ಮುಟ್ಟಲಿಲ್ಲ. ಬಲಗೈಯನ್ನು ಆಕಾಶಕ್ಕೆತ್ತಿ, ಕಟ್ಟೆಗಳ ಮೇಲೆ ಪೊರಕೆ ಹಿಡಿದು ನೆರೆದ ಓಣಿಯ ಸ್ತ್ರೀಸೈನ್ಯಕ್ಕೆಲ್ಲ ಕೇಳುವಂತೆ ಘೋಷಿಸಿದಳು: “ಎತ್ತಿಸ್ರಿ! ತಪ್ಪು ಯಾರದು ಅಂತ ಇವತ್ತ ಎಲ್ಲಾರ ಎದುರಿಗೇ ಗೊತ್ತಾಗ್ಲಿ!”

“ಐಸಾ!” ಎಂಬ ಘೋಷಕ್ಕೆ ಕಾಗೆಗಳು ದಿಕ್ಕಾಪಾಲಾದವು. ಹಾರೆಗಳು ಹೊಕ್ಕವು, ತೋಳುಗಳು ಉಬ್ಬಿದವು, ಚಪ್ಪಡಿಯೆಂಬ ಮಂದರಪರ್ವತವು ಮೇಲೆದ್ದಿತು. ಮಂದಾಕಿನಿ ಮೊಣಕಾಲೂರಿ ಬಗ್ಗಿದಳು.

ಚರಂಡಿಗೋಡೆಯ ತಲೆಯ ಮೇಲೆ, ತೆಳ್ಳಗೆ, ಫಳಫಳನೆ, ಅವಳದೇ ಸ್ಕೇಲು ಮಲಗಿತ್ತು. ತುದಿಯಲ್ಲಿ ಅವಳೇ ಗೀರಿದ ‘ಮಂ’.

ನಿನ್ನೆಯ ಸಂಜೆ ಕಣ್ಣಮುಂದೆ ಬಂತು. ಎಲ್ಲರೂ ಅಳೆದಾದ ಗೋಡೆಯನ್ನು ಕೊನೆಯ ಘಳಿಗೆಯಲ್ಲಿ ಮತ್ತೊಮ್ಮೆ ಅಳೆದು, ಕನ್ನಡಕ ಒರೆಸಲೆಂದು ಸ್ಕೇಲನ್ನು ಅಲ್ಲೇ ಇಟ್ಟು, “ಚಪ್ಪಡಿ ಬಿಡ್ರಿ” ಎಂದು ಅಪ್ಪಣೆ ಕೊಟ್ಟವಳು ಅವಳೇ.

“ಏನೈತ್ರಿ?” ಮೇಲಿನಿಂದ ಚನವೀರಪ್ಪ ಕೇಳಿದ.

ವೇಲಿನ ಮರೆಯಲ್ಲಿ ಸ್ಕೇಲು ಚೀಲ ಸೇರಿತು. “ಏನೋ ಅಡ್ಡ ಇತ್ತು,” ಎಂದಳು ಮಂದಾಕಿನಿ, ಒಂದೊಂದು ಪದವನ್ನೂ ತೂಗಿ. “ತೆಗೆದೆ. ಇಳಸ್ರಿ.”

ಚಪ್ಪಡಿ ಇಳಿಯುವುದಕ್ಕೂ ಸಾಹೇಬರ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಭೂಭಾರಧಾರಿಗಳಾದ ಅವರು ಚಪ್ಪಡಿಯನ್ನೇರಿ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಕೊನೆಗೆ ಚಿಕ್ಕದಾಗಿ ಜಿಗಿದೂ ಬಿಟ್ಟರು. ಓಣಿ ಉಸಿರು ಹಿಡಿಯಿತು. ಸದ್ದಿಲ್ಲ.

“ಭೇಷ್! ದಪ್ಪ ನೋಡೋಣ. ನಿಮ್ಮ ಸ್ಕೇಲ್ ಕೊಡಿ, ಮೇಡಂ.”

ಮಂದಾಕಿನಿಯ ಕೈ ಚೀಲದ ಬಳಿಗೆ ಹೋಗಿ ಅಲ್ಲೇ ನಿಂತಿತು. “ಅದು... ನಿನ್ನೆಯಿಂದ ಕಾಣ್ತಿರಲಿಲ್ಲ, ಸರ್.” ಬೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಚೀಲ ತೂಗಿತು. ಸ್ಕೇಲು ಒಳಗಿನ ಊಟದ ಡಬ್ಬಿಗೆ ಬಡಿಯಿತು.

ಟಕ್.

“ಏನದು?” ಸಾಹೇಬರು ಬೆಚ್ಚಿ ಕಾಲಡಿಯ ಚಪ್ಪಡಿಯನ್ನು ನೋಡಿದರು.

ಚನವೀರಪ್ಪ ಮಾತ್ರ ಚೀಲವನ್ನು ನೋಡಿದ. ಅದರ ಬಾಯಿಂದ ಬತ್ತಳಿಕೆಯ ಬಾಣದಂತೆ ಹೊಳೆಯುವ ತುದಿಯೊಂದು ಇಣುಕುತ್ತಿತ್ತು. ಅದರ ಮೇಲೆ ‘ಮಂ’. ಆತ ಅವಳ ಮುಖ ನೋಡಿದ. ಅದು ಸುಣ್ಣದ ಗೋಡೆಯಂತೆ ಬಿಳುಪೇರಿತ್ತು. ಶತ್ರು ನಿರಾಯುಧ, ಓಣಿಯೆಲ್ಲ ಸಾಕ್ಷಿ, ಒಂದೇ ಮಾತು ಸಾಕಿತ್ತು.

“ನನ್ನ ಮೊಣಕಾಲ್ರಿ ಸಾಹೇಬ್ರ,” ಎಂದ ತ್ರಿತಾಲೂಕುಚರಂಡಿಚಕ್ರವರ್ತಿ. “ವಯಸ್ಸಾತು, ಟಕ್ ಅಂತೈತಿ.” ಹೊಸ ಸ್ಕೇಲನ್ನು ಮುಂದೆ ಚಾಚಿದ. “ತಗೋರಿ, ಅಳೀರಿ.”

ದಪ್ಪ ಸರಿಯಾಗಿತ್ತು. ಜೀಪು ಹೋಯಿತು. ಪೊರಕೆಗಳು ಮನೆ ಸೇರಿದವು.

ಮಧ್ಯಾಹ್ನ ಮೇಡಂ ತಮ್ಮ ಡಬ್ಬಿಯನ್ನು ಪೂರ್ತಿಯಾಗಿ ಫಕೀರಪ್ಪನ ಮುಂದಿಟ್ಟು, “ಉಣ್ಣು ಫಕೀರಪ್ಪ, ಸ್ಕೇಲ್ ಸಿಕ್ತು, ಯಾರೂ ಕದ್ದಿರಲಿಲ್ಲ” ಎಂದಾಗ ಗೌಂಡಿಗೆ ಏನೂ ಅರ್ಥವಾಗಲಿಲ್ಲ.

“ಎಲ್ಲಿ ಸಿಕ್ತಂತ್ರಿ ಧಣಿ?” ಎಂದು ಆತ ಚನವೀರಪ್ಪನನ್ನು ಕೇಳಿದ.

ಚಪ್ಪಡಿಯಡಿಯ ಆ ಗುಟ್ಟನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದ ಚನವೀರಪ್ಪ, ಆ ಡಬ್ಬಿಯಿಂದ ಒಂದು ಚಪಾತಿ ತೆಗೆದು ಬಾಯಿಗಿಟ್ಟುಕೊಂಡ.